ಪಾಠ ಒಪ್ಪಿಸುವುದು ಯಾರಿಗೆ?

ನನ್ನ ತಂಗಿಯ ಮಗಳು ವೈದ್ಯಕೀಯದ ಕೊನೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಭಟ್ಕಳದ ಅವರ ಮನೆಯಲ್ಲಿ ಹಂಚು ಇಳಿಸಿ ಮಾಡು ಸರಿಪಡಿಸುವ ಕೆಲಸ ಹಿಡಿದಿದ್ದರಿಂದ, ಮೂರು ಚೀಲ ಪುಸ್ತಕ ಮತ್ತು ಒಂದು ಚೀಲ ಬಟ್ಟೆಯೊಂದಿಗೆ ಅವಳು ಕುಮಟೆಯ ನಮ್ಮ ಮನೆಗೆ ಬಂದು ಹದಿನೈದು ದಿನ ಉಳಿದಳು. ಬಂದ ಎರಡನೆಯ ದಿನವೇ ನನಗೊಂದು ಉದ್ಯೋಗ ದೊರೆಯಿತು. "ಮಾವ, ನಿಮಗೆ ಅರ್ಥವಾಗಬೇಕೆಂದೇನಿಲ್ಲ. ಪುಸ್ತಕ ಹಿಡಿದು ಕೂತುಕೊಳ್ಳಿ. ನಾನು ಹೇಳುತ್ತಾ ಹೋಗುತ್ತೇನೆ, ಎಲ್ಲಿ ಬಿಟ್ಟೆ ಎಂದು ತೋರಿಸಿದರೆ ಸಾಕು" ಎಂದಳು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡ ಮಾಸ್ತರನಿಗೆ ಇದಕ್ಕಿಂತ ಒಗ್ಗುವ ಕೆಲಸ ಇನ್ನಾವುದಿದೆ? ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತೆ.

ಬೆಳಿಗ್ಗೆ ನರಮಂಡಲ, ಮಧ್ಯಾಹ್ನ ಔಷಧಶಾಸ್ತ್ರ, ದೀಪ ಹಚ್ಚಿದ ಮೇಲೆ ಸಾಂಕ್ರಾಮಿಕ ರೋಗಗಳು. ಔಷಧಶಾಸ್ತ್ರವನ್ನು ಅವಳು ಎರಡನೆಯ ವರ್ಷದಲ್ಲಿಯೇ ಮುಗಿಸಿದ್ದಳು; ಆದರೆ ಒಮ್ಮೆ ಪಾಸಾದ ಮಾತ್ರಕ್ಕೆ ಅದು ಬಿಡುವುದಿಲ್ಲವಂತೆ. ಅವಳು ತೂಗುಮಂಚದ ಮೇಲೆ ಕಣ್ಣು ಮುಚ್ಚಿ ಕುಳಿತು ಹೇಳುತ್ತಿದ್ದಳು. ನಾನು ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದೆ. ಅರ್ಧ ತಿಳಿಯುತ್ತಿತ್ತು, ಅರ್ಧ ಮಂತ್ರದಂತೆ ಕಿವಿಯ ಮೇಲೆ ಹಾದುಹೋಗುತ್ತಿತ್ತು. ಇಷ್ಟೆಲ್ಲ ಬಾಯಿಪಾಠ ಮಾಡುವುದೇಕೆ, ಬೇಕೆಂದಾಗ ಕೈಯಲ್ಲಿರುವ ಫೋನು ಹೇಳುವುದಿಲ್ಲವೆ ಎಂದು ಒಂದೆರಡು ಸಲ ಕೇಳಬೇಕೆನಿಸಿತು. ಕೇಳಲಿಲ್ಲ. ಗಿಳಿಪಾಠವನ್ನು ಹಾಸ್ಯ ಮಾಡುವುದು ಈಗ ಎಲ್ಲರಿಗೂ ಬರುವ ವಿದ್ಯೆ. ಮಾಸ್ತರನೂ ಅದನ್ನೇ ಮಾಡಬೇಕೆ?

ನಾಲ್ಕನೆಯ ಸಂಜೆ ಅವಳು ಒಂದು ರೋಗದ ಲಕ್ಷಣಗಳನ್ನು ಹೇಳತೊಡಗಿದಳು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೆ ಜ್ವರ, ಹಣೆಯ ನೋವು, ಮೈಕೈ ಸೆಳೆತ, ವಾಂತಿ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಬಳಿಕ ಜ್ವರ ಬಿಡುತ್ತದೆ. ಹಲವರು ಅಲ್ಲಿಗೇ ಚೇತರಿಸಿಕೊಳ್ಳುತ್ತಾರೆ. ಆದರೆ ಹತ್ತರಲ್ಲಿ ಒಬ್ಬರಿಬ್ಬರಿಗೆ, ಒಂದೆರಡು ವಾರ ನೆಟ್ಟಗಿದ್ದ ಮೇಲೆ, ಜ್ವರ ಮರಳುತ್ತದೆ. ಈ ಸಲ ಅದು ಮಿದುಳಿಗೆ ಕೈ ಹಾಕಿರುತ್ತದೆ. ತಲೆನೋವು, ಕತ್ತಿನ ಬಿಗಿತ, ಕೈನಡುಕ, ಅಸಂಬದ್ಧ ಮಾತು.

"ಇನ್ನೊಮ್ಮೆ ಹೇಳು" ಎಂದೆ.

"ಯಾಕೆ ಮಾವ, ತಪ್ಪಾಯಿತೇ?"

"ಇಲ್ಲ, ಸರಿಯಾಗಿಯೇ ಇದೆ. ಇನ್ನೊಮ್ಮೆ ಹೇಳು."

ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿದಾಗ, ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಹುಡುಕಿ ತೆಗೆದದ್ದು. ಮೊದಲು ಅವರಿಗೆ ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕ, ದಕ್ಷಿಣ ಅಮೆರಿಕಗಳ ಆ ಪಿಡುಗು ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ. ಪರೀಕ್ಷಿಸಿ ನೋಡಿದರೆ ಅದು ಹೊಸ ವೈರಸ್ಸು, ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ಹತ್ತಿರದ ಬಂಧು. ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲೆಲ್ಲ ನಮ್ಮ ಮಲೆನಾಡಿನ ಒಂದು ಕಾಡಿನ ಹೆಸರು ಹೀಗೆ ಅಚ್ಚಾಯಿತು. ಹೆಮ್ಮೆಪಡುವ ಕೀರ್ತಿಯಲ್ಲ. ಮುಂದೆ ರೋಗ ಘಟ್ಟ ಇಳಿಯಿತು. 1983ರಲ್ಲಿ ಬೆಳ್ತಂಗಡಿಯ ಕಡೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಮಲಗಿಸಿತು. ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಿಗೂ ಅದು ಅಪರಿಚಿತವಲ್ಲ.

ನನಗಂತೂ ಪರಿಚಿತವೇ. ಹೇಳಬೇಕಾದ ಮಾತು ಇಲ್ಲಿದೆ.

ಬೆಳ್ತಂಗಡಿಯ ಸುದ್ದಿ ಎಲ್ಲೆಡೆ ಹರಡಿದ್ದ ಆ ಕಾಲದಲ್ಲಿ ನಾನು ಗೇರುಸೊಪ್ಪೆಯ ಆಚೆ, ಘಟ್ಟದ ಬುಡದ ಒಂದು ಶಾಲೆಯಲ್ಲಿ ಹೊಸ ಮಾಸ್ತರ. ಮಾಸ್ತರರಿಗೆಲ್ಲ ಅರ್ಧ ದಿನದ ತಿಳುವಳಿಕೆ ಸಭೆಯೊಂದು ನಡೆಯಿತು. ಸಹಿ ಮಾಡಿದೆ, ಉಪ್ಪಿಟ್ಟು ತಿಂದೆ, ಹಂಚಿದ ಕರಪತ್ರವನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಭಾಷಣ ಮಾಡಿದವರು ಚೆನ್ನಾಗಿಯೇ ಹೇಳಿದರು. ನಾನೂ ಕೇಳಿದೆ, ಆದರೆ ನಾಲ್ಕು ಗಂಟೆಯ ಬಸ್ಸು ತಪ್ಪದಿರಲಿ ಎಂದು ನೆನೆಯುತ್ತ ಕೇಳಿದೆ.

ಮೂರನೆಯ ಇಯತ್ತೆಯ ಹುಡುಗನೊಬ್ಬನ ತಾಯಿ ಸೊಪ್ಪಿನ ಬೆಟ್ಟದಿಂದ ಅಡಕೆ ತೋಟಕ್ಕೆ ದರಕು ಹೊರುತ್ತಿದ್ದಳು. ಬೇಸಿಗೆಯ ಮೊದಲಲ್ಲಿ ಆಕೆಗೆ ಜ್ವರ ಬಂತು. ಒಂದು ವಾರ ಹುಡುಗ ಶಾಲೆಗೆ ಬರಲಿಲ್ಲ. ಬಳಿಕ ಬಂದು, "ಅವ್ವನಿಗೆ ಜ್ವರ ಬಿಟ್ಟಿತು ಮಾಸ್ತರ್ರೆ, ಕೆಲಸಕ್ಕೆ ಹೋದಳು" ಎಂದ. ಒಳ್ಳೆಯದಾಯಿತು ಎಂದೆ. ಹತ್ತು ದಿನ ಕಳೆದು ಹುಡುಗ ಮತ್ತೆ ಮುಖ ಸಣ್ಣದು ಮಾಡಿಕೊಂಡು ನಿಂತ. "ಅವ್ವ ಏನೇನೋ ಮಾತಾಡುತ್ತಾಳೆ. ಕೈ ನಡುಗುತ್ತದೆ." ಜ್ವರದ ಬಳಲಿಕೆ ಇರಬೇಕು, ಗಂಜಿ ಕುಡಿಸಿ ಎಂದೆ. ಮನೆಯವರು ಸೋಂಕು ತಗುಲಿತೆಂದು ನೋಟ ನೋಡುವವರಲ್ಲಿಗೆ ಕರೆದೊಯ್ದರು. ಮೂರು ದಿನ ಅಲ್ಲಿ ಕಳೆಯಿತು. ನಾಲ್ಕನೆಯ ದಿನ ಲಾರಿಯಲ್ಲಿ ಮಲಗಿಸಿ ಪೇಟೆಗೆ ಇಳಿಸಿದರು. ಎರಡು ದಿನದಲ್ಲಿ ಆಕೆ ತೀರಿಕೊಂಡಳು.

ಆ ಕರಪತ್ರವನ್ನು ನಾನು ಕಳೆದುಕೊಂಡಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗುರುತಿಗೆಂದು ಇಟ್ಟಿದ್ದೆ. ದಿನವೂ ಅದನ್ನು ಎತ್ತಿ ಬದಿಗಿಟ್ಟು, ಆ ಹುಡುಗನ ಹೆಸರು ಕೂಗಿ, ಗೈರುಹಾಜರಿ ಬರೆದು, ಮತ್ತೆ ಅದೇ ಪುಟದಲ್ಲಿ ಇಡುತ್ತಿದ್ದೆ. ಜ್ವರ ಬಿಟ್ಟು ಮತ್ತೆ ಬರಬಹುದು, ಎರಡನೆಯ ಸಲ ತಲೆಗೇರಬಹುದು ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿತ್ತು.

ಮರೆಯುವುದು ಅಪರಾಧವೇ? ನಲವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ನಾನು ಹಲವು ಬಗೆಯಲ್ಲಿ ತಿರುಗಿಸಿ ನೋಡಿದ್ದೇನೆ. ಬೇಕೆಂದು ಯಾರೂ ಮರೆಯುವುದಿಲ್ಲ; ಬೇಕೆಂದು ಮಾಡದ್ದಕ್ಕೆ ಹೊಣೆ ಹೇಗೆ ಎಂದು ನನ್ನ ಪರವಾಗಿ ನಾನೇ ವಕೀಲಿ ಮಾಡಿದ್ದುಂಟು. ಆದರೆ ಲೋಕದ ನಡವಳಿಕೆ ಹಾಗಿಲ್ಲ. ಕೊಟ್ಟ ಮಾತನ್ನು ಮರೆತವನು ಕ್ಷಮೆ ಕೇಳುತ್ತಾನೆ. ಎಡವಿ ಬಿದ್ದವನು ಕೇಳುವುದಿಲ್ಲ. ಅಂದರೆ ಮರೆವಿನಲ್ಲಿ ನಮ್ಮ ಪಾಲು ಏನೋ ಇದೆ ಎಂದು ನಮಗೇ ಗೊತ್ತು. ಆ ಪಾಲು ಮರೆತ ಗಳಿಗೆಯಲ್ಲಿಲ್ಲ, ಕಲಿತ ಗಳಿಗೆಯಲ್ಲಿದೆ ಎಂದು ಈಗ ನನಗೆ ತೋರುತ್ತದೆ. ಅಂದು ನಾನು ಆ ಪಾಠವನ್ನು ಸಹಿಗಾಗಿ ಕೇಳಿದೆ. ಅದು ಯಾರದೋ ಸೊತ್ತು, ನನ್ನಲ್ಲಿ ಇಡಗಂಟಾಗಿ ಇಟ್ಟದ್ದು ಎಂದು ತಿಳಿಯಲಿಲ್ಲ.

ಆದರೆ ಪುಸ್ತಕ ಕೈಯಲ್ಲಿಯೇ ಇತ್ತಲ್ಲ, ತಲೆಯಲ್ಲಿ ಇರಬೇಕೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವನ್ನು ನನ್ನ ಸೊಸೆ ತಾನರಿಯದೆಯೇ ಕೊಟ್ಟಳು. ಅವಳು ಹಾವಿನ ವಿಷದ ಪಾಠ ಒಪ್ಪಿಸುತ್ತಿದ್ದಳು. ನರವು ಸ್ನಾಯುವಿಗೆ ಅಪ್ಪಣೆ ಕೊಡುವುದು ಅಸೆಟೈಲ್‌ಕೋಲಿನ್ ಎಂಬ ರಸದ ಮೂಲಕ. ನಾಗರಹಾವಿನ ವಿಷ ಅದನ್ನು ಸ್ನಾಯುವಿನ ಬಾಗಿಲಲ್ಲಿ ತಡೆಯುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತದೆ. ಆದ್ದರಿಂದ ನಿಯೋಸ್ಟಿಗ್ಮಿನ್ ಎಂಬ ಔಷಧ ಮೊದಲನೆಯದರಲ್ಲಿ ಉಪಯೋಗಕ್ಕೆ ಬಂದಷ್ಟು ಎರಡನೆಯದರಲ್ಲಿ ಬಾರದು. ಇದು ಪುಸ್ತಕದ ಮಾತು. ಅದಕ್ಕೆ ಅವಳು ಸೇರಿಸಿದ್ದು ಇದು: "ಕಟ್ಟುಹಾವು ಕಚ್ಚಿದ್ದು ಅನೇಕರಿಗೆ ತಿಳಿಯುವುದೇ ಇಲ್ಲ ಮಾವ. ನೆಲದ ಮೇಲೆ ಮಲಗಿದವನು ನಸುಕಿನಲ್ಲಿ ಹೊಟ್ಟೆನೋವೆಂದು ಬರುತ್ತಾನೆ. ರೆಪ್ಪೆ ಜೋತುಬಿದ್ದದ್ದನ್ನು ನೋಡಿದವರಿಗೆ ಹೊಳೆಯಬೇಕು, ಅಷ್ಟೆ."

ಹೊಳೆಯಬೇಕು, ಅಷ್ಟೆ! ಫೋನು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆದರೆ ಕೇಳಬೇಕಾದದ್ದು ಏನೆಂದು ಯಾರು ಹೇಳಬೇಕು? ರೋಗಿ ತನ್ನ ರೋಗದ ಹೆಸರು ಹಿಡಿದುಕೊಂಡು ಬರುವುದಿಲ್ಲ. ಹೊಟ್ಟೆನೋವು ಎನ್ನುತ್ತಾನೆ, ಬಳಲಿಕೆ ಎನ್ನುತ್ತಾನೆ. ಒಳಗೆ ನೆನಪಿದ್ದವನಿಗೆ ಮಾತ್ರ ಅಲ್ಲೊಂದು ಪ್ರಶ್ನೆ ಕಾಣುತ್ತದೆ. ಕರಪತ್ರ ನನ್ನ ಕೈಯಲ್ಲಿತ್ತು, ಹುಡುಗ ಎದುರಿಗಿದ್ದ. ಎರಡನ್ನೂ ಕೂಡಿಸಬೇಕಾಗಿದ್ದ ನಾನು ಅಲ್ಲಿರಲಿಲ್ಲ. ನೆನಪನ್ನು ನಾವು ಕಣಜವೆಂದುಕೊಂಡಿದ್ದೇವೆ. ಅದು ಕಣಜವಲ್ಲ, ಕಾವಲು.

ನಮ್ಮಂಥ ಊರುಗಳಲ್ಲಿ ಈ ಕಾವಲಿನ ಬೆಲೆ ಇನ್ನೂ ಹೆಚ್ಚು. ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಕಾಯಿಲೆ ಜೋರಾದರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದು ಕೇಳಿದರು. ಅಷ್ಟು ದೂರದ ಹಾದಿಯಲ್ಲಿ ಯಾರನ್ನು ಯಾವಾಗ ಕಳಿಸಬೇಕೆಂಬ ಮೊದಲ ನಿರ್ಧಾರ ಆಗುವುದು ಇಲ್ಲಿನ ಸಣ್ಣ ದವಾಖಾನೆಯ ಮೇಜಿನ ಮುಂದೆ, ಒಬ್ಬ ಎಳೆಯ ವೈದ್ಯನ ನೆನಪಿನಲ್ಲಿ.

ಒಂದು ಸಂಜೆ ಸೊಸೆಗೆ ಈ ಕಥೆಯನ್ನು ಹೇಳಿದೆ. ಉಪದೇಶದ ಚಪಲ ಮಾಸ್ತರನನ್ನು ನಿವೃತ್ತಿಯ ಮೇಲೂ ಬಿಡುವುದಿಲ್ಲ. "ಆದ್ದರಿಂದ ಪ್ರತಿ ಸಾಲಿನಲ್ಲಿಯೂ ಒಬ್ಬ ಮನುಷ್ಯನನ್ನು ಕಾಣು" ಎಂದುಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಹಾಗೆ ಕಂಡರೆ ನಾನು ಒಂದು ಅಧ್ಯಾಯವನ್ನೂ ಮುಗಿಸಲಾರೆ ಮಾವ. ವಾರ್ಡಿನಲ್ಲಿ ನಾವು 'ಒಳ್ಳೆಯ ಕೇಸು' ಎನ್ನುತ್ತೇವೆ. ಒಳ್ಳೆಯದು ಅಂದರೆ ಲಕ್ಷಣಗಳೆಲ್ಲ ಎದ್ದು ಕಾಣುವಷ್ಟು ಕಾಯಿಲೆಯಾದವರು. ಮೊದಲ ಸಲ ಆ ಮಾತು ಕೇಳಿದಾಗ ನನಗೂ ಅಸಹ್ಯವಾಗಿತ್ತು. ಈಗ ನಾನೂ ಹೇಳುತ್ತೇನೆ. ಅಳುತ್ತ ನೋಡಿದರೆ ಲಕ್ಷಣ ಕಾಣುವುದಿಲ್ಲ."

ನನ್ನ ಬಾಯಿ ಕಟ್ಟಿತು. ಅವಳು ಹೇಳಿದ್ದು ನಿಜ. ಕಲಿಯುವಾಗ ಒಂದಿಷ್ಟು ತಣ್ಣಗಿನ ಮನಸ್ಸು ಬೇಕು. ಆದರೆ ಅದು ಸಾಲವಾಗಿ ಪಡೆದ ತಣ್ಣಗಿನತನ. ಯಾರ ಮಂಚದ ಪಕ್ಕದಲ್ಲಿ ನಿಂತು ಆ ಪಾಠ ಕಲಿತೆವೋ ಅವರಿಗೆ ಅದರಿಂದ ಲಾಭವಾಗದೆ ಇರಬಹುದು; ಅವರ ಹೆಸರೂ ನೆನಪಿನಲ್ಲಿ ಉಳಿಯದೆ ಇರಬಹುದು. ಋಣ ತೀರುವುದು ಮುಂದೆ ಬರುವ ಇನ್ನೊಬ್ಬರ ಮುಂದೆ. ತೀರಿಸಬೇಕೆಂಬ ಅರಿವಿದ್ದರೆ ಆ ತಣ್ಣಗಿನತನ ವಿದ್ಯೆ. ಅರಿವಿಲ್ಲದಿದ್ದರೆ ಬರಿಯ ಮರಗಟ್ಟುವಿಕೆ.

ಇನ್ನೊಂದು ಮಾತನ್ನೂ ಅವಳಲ್ಲಿ ಕೇಳಿದೆ, ಹೆದರುತ್ತಲೇ. ನನಗೆ ಅಂದು ನೆನಪಾಗಿದ್ದರೆ ಆ ತಾಯಿ ಉಳಿಯುತ್ತಿದ್ದಳೇ?

ಸಮಾಧಾನ ಹೇಳದೆ ಅವಳು ನನ್ನನ್ನು ಗೌರವಿಸಿದಳು. ಮಂಗನ ಕಾಯಿಲೆಗೆಂದೇ ಇರುವ ಮದ್ದು ಇಂದಿಗೂ ಇಲ್ಲ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಬಹುಕಾಲ ಕೊಡುತ್ತಿದ್ದ ಲಸಿಕೆಯಿಂದ ಸಿಗುತ್ತಿದ್ದ ರಕ್ಷಣೆ ಅರೆಬರೆ. 2022ರಲ್ಲಿ ಅದನ್ನೂ ನಿಲ್ಲಿಸಿದರು, ಹೊಸದಕ್ಕಾಗಿ ಪ್ರಯತ್ನ ನಡೆದಿದೆ. "ಹಾಗಾದರೆ ಮದ್ದಿಲ್ಲದ ರೋಗವನ್ನು ಇಷ್ಟು ಓದುವುದೇಕೆ?" ಎಂದೆ. ಅವಳು ಬೆರಳು ಮಡಿಸಿದಳು. ಆಸ್ಪಿರಿನ್ ಕೊಡಬಾರದು, ರಕ್ತ ಹೆಪ್ಪುಗಟ್ಟಿಸುವ ಕಣಗಳು ಮೊದಲೇ ಕಡಿಮೆಯಾಗಿರುತ್ತವೆ, ಉಳಿದವನ್ನೂ ಅದು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಅಳತೆಯಲ್ಲಿ; ಮಿತಿ ಮೀರಿದರೆ ಪಿತ್ತಕೋಶಕ್ಕಲ್ಲ, ಯಕೃತ್ತಿಗೇ ಕುತ್ತು. ಮೈಯ ನೀರು ಕಾಯಬೇಕು, ರಕ್ತಸ್ರಾವ ಕಂಡರೆ ರಕ್ತ ಕೊಡಬೇಕು, ಸೆಳವು ಬಂದರೆ ತಡೆಯಬೇಕು. ಜ್ವರ ಬಿಟ್ಟವರಿಗೆ ಇನ್ನೆರಡು ವಾರ ಎಚ್ಚರದಿಂದಿರಿ ಎಂದು ಹೇಳಿ ಕಳಿಸಬೇಕು.

ಉಳಿಯುತ್ತಿದ್ದಳೆಂದು ಯಾರೂ ಹೇಳಲಾರರು. ಆದರೆ ಜ್ವರ ಬಿಟ್ಟ ಮಾತ್ರಕ್ಕೆ ಆಕೆ ದರಕು ಹೊರಲು ಹೋಗಬೇಕಾಗಿರಲಿಲ್ಲ. ಮೂರು ದಿನ ನೋಟದವರ ಮುಂದೆ ಕೂರಬೇಕಾಗಿರಲಿಲ್ಲ. ತನ್ನ ಅವ್ವನ ಮೇಲೆ ಏನೋ ಬಂದಿದೆ ಎಂದು ಆ ಹುಡುಗ ಹೆದರಬೇಕಾಗಿರಲಿಲ್ಲ. ಮದ್ದಿಲ್ಲದಲ್ಲಿಯೂ ತಿಳುವಳಿಕೆಗೆ ಇಷ್ಟು ಕೆಲಸವಿದೆ: ಕಾಯಿಲೆಯವರನ್ನು ಕಾಯಿಲೆಯವರೆಂದು ಗುರುತಿಸಿ, ಒಂಟಿಯಾಗಿ ಬಿಡದಿರುವುದು. ಫಲ ಖಚಿತವಿಲ್ಲವೆಂಬುದು ಕರ್ತವ್ಯದಿಂದ ಬಿಡುಗಡೆಯಲ್ಲ ಎಂಬುದನ್ನು ನಾನು ಕಲಿತದ್ದು ತಡವಾಗಿ, ಆ ಹುಡುಗನ ಹೆಸರಿನ ಮುಂದೆ ಗೈರುಹಾಜರಿ ಬರೆಯುತ್ತ.

ನಮ್ಮ ಭಾಷೆಯಲ್ಲಿ ಪಾಠವನ್ನು 'ಹೇಳು' ಎನ್ನುವುದಕ್ಕಿಂತ 'ಒಪ್ಪಿಸು' ಎನ್ನುವುದು ರೂಢಿ. ಹಣ ಒಪ್ಪಿಸುತ್ತೇವೆ, ಕಾಗದಪತ್ರ ಒಪ್ಪಿಸುತ್ತೇವೆ, ಮಗುವನ್ನು ತಾಯಿಗೆ ಒಪ್ಪಿಸುತ್ತೇವೆ. ಒಪ್ಪಿಸುವುದೆಂದರೆ ಸೇರಬೇಕಾದವರ ಕೈಗೆ ಸೇರಿಸುವುದು. ಮೂವತ್ತೈದು ವರ್ಷ ಆ ಮಾತನ್ನು ಬಳಸಿದ ನಾನು, ಸೇರಬೇಕಾದವರು ಯಾರೆಂದು ಕೇಳಿಕೊಂಡಿರಲಿಲ್ಲ.

ಭಟ್ಕಳದ ಮನೆಯ ಮಾಡು ಸರಿಯಾಯಿತು. ಸೊಸೆ ಚೀಲ ಕಟ್ಟಿಕೊಂಡು ರೈಲು ಹತ್ತಿದಳು. ಮುಂದಿನ ವಾರ ಪರೀಕ್ಷೆ. ಪರೀಕ್ಷಕರು ಆ ರೋಗದ ವಿಷಯ ಕೇಳಬಹುದು, ಕೇಳದಿರಬಹುದು; ಅವರಿಗೆ ಒಪ್ಪಿಸುವುದಕ್ಕೆ ಸಮಯಪತ್ರಿಕೆಯಾದರೂ ಇದೆ. ನಿಜವಾಗಿ ಒಪ್ಪಿಸಿಕೊಳ್ಳಬೇಕಾದವರು ತಿಳಿಸಿ ಬರುವುದಿಲ್ಲ. ಯಾವುದೋ ಒಂದು ಬೇಸಿಗೆಯ ಬೆಳಿಗ್ಗೆ, ಗೇರುಸೊಪ್ಪೆಯ ಕಡೆಯ ಬಸ್ಸಿನಿಂದ ಇಳಿದು, ಬಾಗಿಲ ಬದಿಯ ಬೆಂಚಿನ ಮೇಲೆ ಕುಳಿತು, ಬರೀ ಮೈಕೈ ನೋವು ಎನ್ನುತ್ತಾರೆ.