ಯಾತ್ರೆಯ ಹೊರೆ ಯಾರ ಹೆಗಲಿಗೆ?

ಪ್ರತಿವರ್ಷವೂ ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ಶ್ರೀಬದರೀನಾರಾಯಣನ ಸನ್ನಿಧಿಯ ದ್ವಾರವು ತೆರೆಯುತ್ತದೆ. ಅದಕ್ಕೆ ಎಷ್ಟೋ ಮುಂಚಿತವಾಗಿಯೇ ಆಸ್ತಿಕರ ಮನೆಗಳಲ್ಲಿ ಯಾತ್ರೆಯ ಸಂಭ್ರಮವು ಮೊದಲಾಗಿರುತ್ತದೆ. ಹೊರಡುವ ದಿನ, ರೈಲಿನ ಟಿಕೆಟ್ಟು, ಇಳಿದುಕೊಳ್ಳುವ ಛತ್ರ ಇವೆಲ್ಲ ಗೊತ್ತಾದ ಮೇಲೆ ಉಳಿಯುವುದು ಗಂಟು ಕಟ್ಟುವ ಕೆಲಸ. ಇದು ಕೇವಲ ಲೌಕಿಕವಾದ ವಿಷಯ, ಇದಕ್ಕೂ ಶಾಸ್ತ್ರಚಿಂತನೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ನಾವು ಹಾಗೆ ತಿಳಿಯುವುದಿಲ್ಲ. ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬ ವಿಚಾರದಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿದೆ.

ರೈಲ್ವೆಯ ನಿಯಮದಂತೆ ಎರಡನೆಯ ದರ್ಜೆಯ ಪ್ರಯಾಣಿಕನು 35 ಕಿಲೋಗ್ರಾಂ, ಸ್ಲೀಪರ್ ದರ್ಜೆಯವನು 40 ಕಿಲೋಗ್ರಾಂ ಸಾಮಾನನ್ನು ಪ್ರತ್ಯೇಕ ಶುಲ್ಕವಿಲ್ಲದೆ ಒಯ್ಯಬಹುದು. ನಾಲ್ವರ ಕುಟುಂಬವೊಂದು ಹೊರಟರೆ 160 ಕಿಲೋಗ್ರಾಂ! ಕಾನೂನಿಗೆ ಇಷ್ಟು ಸಮ್ಮತವೆಂದ ಮಾತ್ರಕ್ಕೆ ಧರ್ಮಕ್ಕೂ ಇಷ್ಟು ಸಮ್ಮತವೆಂದು ಹೇಳಲಾಗದು. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಧ್ಯಾನಯೋಗಿಯ ಲಕ್ಷಣವನ್ನು ಹೇಳುವಾಗ ಅಪರಿಗ್ರಹವನ್ನೂ ಸೇರಿಸಿದ್ದಾನೆ. ಗೃಹಸ್ಥರಿಗೆ ದಿನವೂ ಅದರ ಅಭ್ಯಾಸವು ಸುಲಭವಲ್ಲ. ಮನೆಯೆಂದ ಮೇಲೆ ಪಾತ್ರೆಪಡಗಗಳಿರಲೇಬೇಕು. ಆದರೆ ಹತ್ತು ಹನ್ನೆರಡು ದಿನಗಳ ಯಾತ್ರೆಯಲ್ಲಿ ಅದನ್ನು ಸ್ವಲ್ಪಮಟ್ಟಿಗಾದರೂ ಆಚರಿಸಿ ನೋಡುವ ಅವಕಾಶವು ತಾನಾಗಿಯೇ ಒದಗುತ್ತದೆ.

ಶ್ರೀಪುರಂದರದಾಸರ ಚರಿತ್ರೆಯಲ್ಲಿ ಬರುವ ಒಂದು ಐತಿಹ್ಯವು ನಮ್ಮ ಓದುಗರಿಗೆ ತಿಳಿದದ್ದೇ ಆಗಿದೆ. ಸರ್ವಸ್ವವನ್ನೂ ದಾನಮಾಡಿ ದಾಸರು ಸಂಸಾರಸಹಿತರಾಗಿ ಹೊರಟರು. ದಾರಿಯಲ್ಲಿ ಅರಣ್ಯ. ಸಾಧ್ವಿಯಾದ ಅವರ ಪತ್ನಿಗೆ ಕಳ್ಳರ ಭಯವು ತೋರಿತು. ಏನೂ ಇಲ್ಲದವರಿಗೆ ಭಯವೇತಕ್ಕೆಂದು ದಾಸರು ವಿಚಾರಿಸಲಾಗಿ, ಪತಿಗೆ ನೀರು ಕುಡಿಯಲು ಬೇಕಾದೀತೆಂದು ಒಂದು ಚಿನ್ನದ ಬಟ್ಟಲನ್ನು ತಂದಿರುವುದಾಗಿ ಆಕೆ ಹೇಳಿದಳು. ದಾಸರು ಅದನ್ನೂ ಎಸೆಯಿಸಿದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ದಾಸರ ವೈರಾಗ್ಯವನ್ನು ಕೊಂಡಾಡಿ ಮುಂದಕ್ಕೆ ಹೋಗುತ್ತಾರೆ. ನಮಗಾದರೋ ಆ ಬಟ್ಟಲಿನ ಮೇಲೆಯೇ ದೃಷ್ಟಿ. ಅದರ ತೂಕ ಎಷ್ಟಿದ್ದೀತು? ಕೈಯಲ್ಲಿ ಹಿಡಿದರೆ ಭಾರವೆನಿಸದಷ್ಟು. ಅದನ್ನು ತಂದದ್ದು ಸ್ವಂತದ ಆಸೆಗೂ ಅಲ್ಲ, ಪತಿಸೇವೆಗೆಂದು. ಆದರೂ ಅರಣ್ಯವೆಲ್ಲ ಭಯದಿಂದ ತುಂಬಿಹೋಯಿತು. ಸೇವೆಯ ಹೆಸರಿನಲ್ಲಿಯೂ ಪರಿಗ್ರಹವು ನಮ್ಮೊಡನೆ ಹೊರಟುಬರಬಲ್ಲದು.

ಇಂದಿಗೂ ಅಂತಹ ಬಟ್ಟಲುಗಳು ನಮ್ಮ ಚೀಲಗಳಲ್ಲಿವೆ. ಪೂಜೆಗೆಂದು ಬೆಳ್ಳಿಯ ಪಂಚಪಾತ್ರೆ, ಬೆಳ್ಳಿಯ ಆರತಿ, ದರ್ಶನಕಾಲದಲ್ಲಿ ಉಡಲೆಂದು ಬೆಲೆಬಾಳುವ ಸೀರೆಗಳು. ಅದರ ಫಲವೇನೆಂಬುದನ್ನು ಯಾವ ಕ್ಷೇತ್ರದ ಛತ್ರದಲ್ಲಿಯಾದರೂ ನೋಡಬಹುದು. ಎಲ್ಲರೂ ದರ್ಶನಕ್ಕೆ ಹೊರಟಾಗ ಒಬ್ಬರು ಕೋಣೆಯಲ್ಲಿ ಸಾಮಾನು ಕಾಯುತ್ತ ಕುಳಿತಿರುತ್ತಾರೆ. ಪ್ರಾಯಶಃ ಮನೆಯ ಸೊಸೆ, ಇಲ್ಲವೇ ಮಂಡಿನೋವಿನ ತಾಯಿ. ಸಾವಿರಾರು ಮೈಲಿ ಬಂದು ಶ್ರೀಹರಿಯ ಸನ್ನಿಧಿಗೆ ಅರ್ಧ ಫರ್ಲಾಂಗು ದೂರದಲ್ಲಿ ಬೆಳ್ಳಿಯ ತಂಬಿಗೆಯ ಸನ್ನಿಧಿಯಲ್ಲಿ ಕುಳಿತಿರಬೇಕಾದ ಆ ಜೀವದ ಪಾಡನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಾಮ್ರದ ಪಂಚಪಾತ್ರೆಯಿಂದ ಕೊಟ್ಟ ಅರ್ಘ್ಯವನ್ನು ಭಗವಂತನು ಸ್ವೀಕರಿಸುವುದಿಲ್ಲವೇ?

ಹಾಗಾದರೆ ಬರಿಗೈಯಲ್ಲಿ ಹೊರಡೋಣವೇ? ಶ್ರೀಮದಾನಂದತೀರ್ಥ ಭಗವತ್ಪಾದರು ಅನಂತಮಠದಲ್ಲಿ ಶಿಷ್ಯರನ್ನು ಬಿಟ್ಟು, ಬೆನ್ನುಹತ್ತಿ ಬಂದ ಸತ್ಯತೀರ್ಥರನ್ನೂ ಹಿಂದಿರುಗಿಸಿ, ಏಕಾಕಿಯಾಗಿ ಮೇಲಿನ ಬದರಿಗೆ ತೆರಳಿದ್ದನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಅದನ್ನು ಕೇಳಿ ಪುಳಕಿತರಾಗುವುದು ನಮ್ಮ ಭಾಗ್ಯ. ಅನುಕರಿಸಲು ಹೋಗುವುದು ಅವಿವೇಕ. ವಾಯುದೇವರ ಅವತಾರಿಗೆ ಹಿಮವು ಏನು ಮಾಡೀತು? ಬದರಿಯು ಸಮುದ್ರಮಟ್ಟದಿಂದ 3,100 ಮೀಟರಿಗೂ ಎತ್ತರದಲ್ಲಿದೆ. ತಪ್ತಕುಂಡದ ಬಿಸಿನೀರಿನಲ್ಲಿ ಮಿಂದು ಮೇಲೆ ಬಂದ ಕ್ಷಣವೇ ನಮ್ಮಂಥವರಿಗೆ ಉಣ್ಣೆಯ ಬಟ್ಟೆ ಬೇಕು. ಹಗುರವಾಗಿ ಹೊರಡುತ್ತೇನೆಂದು ಶಾಲು, ಔಷಧ, ಚೊಂಬು, ಟವೆಲು ಒಂದನ್ನೂ ತಾರದೆ, ಆ ಮೇಲೆ ಸಹಯಾತ್ರಿಕರನ್ನು ಒಂದೊಂದಾಗಿ ಬೇಡುವವರೂ ಉಂಟು. ಅವರ ಚೀಲವು ಹಗುರವಾದುದು ಮತ್ತೊಬ್ಬರ ಚೀಲವು ಭಾರವಾದುದರಿಂದ. ಇದನ್ನು ಅಪರಿಗ್ರಹವೆಂದು ಕರೆಯಲು ನಮ್ಮ ಮನಸ್ಸು ಒಪ್ಪದು.

ಆದುದರಿಂದ ಎಷ್ಟು ಒಯ್ಯುತ್ತೇವೆ ಎಂಬುದಕ್ಕಿಂತ, ಒಯ್ದದ್ದನ್ನು ಯಾರು ಹೊರುತ್ತಾರೆ ಎಂಬುದೇ ಮುಖ್ಯವಾದ ಪ್ರಶ್ನೆ. ಹಾಸಿಗೆಸುರುಳಿಯ ಕಾಲ ಹೋಗಿ ಗಾಲಿಯ ಪೆಟ್ಟಿಗೆಯ ಕಾಲ ಬಂದ ಮೇಲೆ ಈ ಪ್ರಶ್ನೆಯು ಮರೆಯಾಗಿದೆ. ನಯವಾದ ನೆಲದ ಮೇಲೆ ಪೆಟ್ಟಿಗೆಯು ತಾನೇ ಉರುಳುತ್ತದೆ, ಭಾರವು ತೋರುವುದಿಲ್ಲ. ಮೆಟ್ಟಿಲು ಬಂದೊಡನೆ ಅದು ಯಾರದೋ ತಲೆಯನ್ನೇರುತ್ತದೆ. ಬದರಿಗೆ ಸನ್ನಿಧಿಯ ಸಮೀಪದವರೆಗೂ ಬಸ್ಸಿನ ದಾರಿಯಿದೆ. ಅದೇ ಯಾತ್ರೆಯಲ್ಲಿ ಅನೇಕರು ಸೇವಿಸುವ ಕೇದಾರಕ್ಕೆ ಹಾಗಿಲ್ಲ. 2013ರ ಪ್ರವಾಹದಲ್ಲಿ ಹಳೆಯ ದಾರಿಯ ಭಾಗವು ಕೊಚ್ಚಿಹೋದ ಮೇಲೆ ಗೌರೀಕುಂಡದಿಂದ ಸುಮಾರು 16 ಕಿಲೋಮೀಟರಿನ ಏರುದಾರಿ. ಅಲ್ಲಿ ನಮ್ಮ ಗಂಟುಗಳನ್ನೂ ನಮ್ಮನ್ನೂ ಹೊರುವವರು ಬಡ ಕೂಲಿಯವರು, ಅನೇಕರು ನೇಪಾಳದಿಂದ ಬಂದವರು, ಮತ್ತು ಹೇಸರಗತ್ತೆಗಳು. 2022ರ ಯಾತ್ರಾಕಾಲದಲ್ಲಿ ಆ ದಾರಿಯಲ್ಲಿ ಬಹುಸಂಖ್ಯೆಯ ಹೇಸರಗತ್ತೆಗಳು ಸತ್ತುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಮರೆಯಲಾರದು. ಪುಣ್ಯಾರ್ಜನೆಗೆ ಹೊರಟವರ ಪೆಟ್ಟಿಗೆಗಳೂ ಆ ಬೆನ್ನುಗಳ ಮೇಲಿದ್ದುವಲ್ಲವೇ?

ನಾವು ಸಾಮಾನು ತಾರದಿದ್ದರೆ ಆ ಕೂಲಿಯವನ ಹೊಟ್ಟೆಪಾಡೇನು ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಆತನಿಗೆ ವರ್ಷದಲ್ಲಿ ಆರು ತಿಂಗಳು ಮಾತ್ರ ಈ ದುಡಿಮೆ. ಆದರೆ ಹತ್ತು ಕಿಲೋಗ್ರಾಂ ಹೊರಿಸಿ ಇಪ್ಪತ್ತು ಕಿಲೋಗ್ರಾಮಿನ ಕೂಲಿ ಕೊಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ಅರ್ಧ ರೂಪಾಯಿಗೂ ಚೌಕಾಸಿ ಮಾಡುವವರ ಬಾಯಿಂದಲೇ ಈ ಆಕ್ಷೇಪವು ಹೆಚ್ಚಾಗಿ ಕೇಳಿಬರುತ್ತದೆಂಬುದನ್ನು ಇಲ್ಲಿ ಹೇಳದಿರಲಾಗದು. ಪ್ರತಿಯೊಂದು ಜೀವದಲ್ಲಿಯೂ ಬಿಂಬರೂಪಿಯಾಗಿ ಶ್ರೀಹರಿಯು ನೆಲಸಿದ್ದಾನೆಂದು ನಾವು ಪ್ರವಚನಗಳಲ್ಲಿ ಕೇಳುತ್ತೇವೆ, ತಲೆದೂಗುತ್ತೇವೆ. ಆ ಕೂಲಿಯವನೂ ಒಂದು ಜೀವ.

ಇನ್ನು ಕಠಿಣವಾದ ಸಂಗತಿ ಮಡಿಯದು. ಮಡಿಯನ್ನು ಬಿಡಿರೆಂದು ಹೇಳುವವರು ನಾವಲ್ಲ. ಆದರೆ ಹಿರಿಯರೊಬ್ಬರು ಪರಸ್ಥಳದಲ್ಲಿಯೂ ಮನೆಯ ಕ್ರಮವೇ ನಡೆಯಬೇಕೆಂದು ನಿಶ್ಚಯಿಸಿದರೆ ಒಲೆ, ಪಾತ್ರೆ, ಅಕ್ಕಿಬೇಳೆ, ಮಡಿಬಟ್ಟೆಯ ಬುಟ್ಟಿ ಎಲ್ಲವೂ ಹೊರಡುತ್ತವೆ. ನಿಯಮ ಒಬ್ಬರದು, ಬೆನ್ನು ಇನ್ನೊಬ್ಬರದು! ನಿಯಮವನ್ನು ಕೈಗೊಂಡವರೇ ಅದರ ಹೊರೆಯನ್ನೂ ಕೈಗೊಳ್ಳುವುದು ನ್ಯಾಯವೆಂದು ನಮಗೆ ತೋರುತ್ತದೆ. ಶಕ್ತಿಯಿಲ್ಲದಿದ್ದರೆ ನಿಯಮವನ್ನು ಶಕ್ತಿಗೆ ತಕ್ಕಂತೆ ಇಳಿಸಿಕೊಳ್ಳಬಹುದು. ಹುರಿದ ಅವಲಕ್ಕಿ, ಚಟ್ನಿಪುಡಿ, ಹಣ್ಣುಗಳಿಂದ ದಿನ ಕಳೆದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಹತ್ತಿಯ ಪಂಚೆಗಳು ಮಲೆಯ ಚಳಿಯಲ್ಲಿ ಒಣಗುವುದಿಲ್ಲ. ಆರು ಪಂಚೆಗಳನ್ನು ಹೊರುವ ಬದಲು ಒಂದು ರೇಷ್ಮೆಯದೋ ಧಾಬಳಿಯೋ ಇದ್ದರೆ ಮಡಿಗೂ ಆಯಿತು, ಚಳಿಗೂ ಆಯಿತು. ಗೋಪೀಚಂದನದ ತುಂಡು, ಮುದ್ರೆಗಳು, ಜಪದ ಮಾಲೆ ಇವುಗಳಿಗೆ ಒಂದು ಅಂಗೈಯಷ್ಟು ಜಾಗ ಸಾಕು. ಮನೆಯ ಸಾಲಿಗ್ರಾಮವನ್ನು ಒಯ್ಯಲಾಗದವರು ಅದನ್ನು ಪೂಜೆ ನಡೆಸುವ ಬಂಧುಗಳಿಗೋ ಮಠದ ಅರ್ಚಕರಿಗೋ ಒಪ್ಪಿಸಿ, ತಮ್ಮ ಗುರುಗಳನ್ನು ಕೇಳಿಕೊಂಡು, ದಾರಿಯಲ್ಲಿ ಮಾನಸಪೂಜೆಯನ್ನು ನಡೆಸಿಕೊಳ್ಳಬಹುದು. ಅದಕ್ಕೆ ರೈಲ್ವೆಯ ತೂಕದ ಮಿತಿಯಿಲ್ಲ.

ಹಿಂದಿರುಗುವಾಗಿನ ಹೊರೆಯ ವಿಷಯವಾಗಿ ಒಂದು ಮಾತು ಉಳಿದಿದೆ. ಹಿಂದೆ ಕಾಶಿಯಿಂದ ಬರುವವರು ಬಾಯಿಗೆ ಬೆಸುಗೆ ಹಾಕಿದ ಅಂಗೈಯಗಲದ ತಾಮ್ರದ ಗಿಂಡಿಗಳಲ್ಲಿ ಗಂಗೆಯನ್ನು ತರುತ್ತಿದ್ದರು. ಈಗ ಹರಿದ್ವಾರದಲ್ಲಿ ಐದೈದು ಲೀಟರಿನ ಪ್ಲಾಸ್ಟಿಕ್ ಡಬ್ಬಗಳನ್ನು ತುಂಬಿಸಿಕೊಂಡು ರೈಲಿಗೆ ಓಡುತ್ತಾರೆ, ಮುಂದೆ ಕೂಲಿಯವನು, ಹಿಂದೆ ಇವರು. ಸಮಾರಾಧನೆಯ ದಿನ ಆ ಪುಟ್ಟ ಗಿಂಡಿಯನ್ನು ಪೂಜಿಸಿ, ಬೆಸುಗೆ ಬಿಡಿಸಿ, ಬಂದವರೆಲ್ಲರಿಗೂ ಒಂದೊಂದು ಉದ್ಧರಣೆ ತೀರ್ಥವನ್ನು ಕೊಟ್ಟು, ಮಿಕ್ಕ ನಾಲ್ಕು ಹನಿಗಳನ್ನು ಮನೆಯ ಬಾವಿಗೆ ಬೆರೆಸುತ್ತಿದ್ದರು. ಯಾರಿಗೂ ಸಾಲದೆ ಹೋದುದನ್ನು ನಾವು ಕೇಳಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥