ವಿಳಾಸ ಯಾರ ಹೊಣೆ?

ನಮ್ಮ ಕೊಳ್ಳೇಗಾಲವನ್ನೇ ನೋಡಿ. 1956ರ ನವೆಂಬರ್ 1ಕ್ಕೆ ಮೊದಲು ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ. ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನೊಳಗಿದ್ದ ಹನೂರು ಈಗ ತಾನೇ ಒಂದು ತಾಲ್ಲೂಕು. ಯಾರ ಮನೆಯ ಜಗಲಿಯೂ ಒಂದಂಗುಲ ಕದಲಲಿಲ್ಲ. ವಿಳಾಸ ಮಾತ್ರ ಬದಲಾಗುತ್ತ ಹೋಯಿತು. ಹಾಗಾದರೆ ವಿಳಾಸವೆನ್ನುವುದು ನಮ್ಮ ಮೈಗೆ ಅಂಟಿದ ಗುಣವಲ್ಲ, ನಮಗೂ ನಮ್ಮನ್ನು ಹುಡುಕುವವರಿಗೂ ನಡುವಿನ ಸಂಬಂಧ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ ಸಂಗತಿ ಇದಕ್ಕೆ ಹೊಂದುತ್ತದೆ. ಎಮ್ಯುಲೇಟರ್ ಎಂಬುದು ಇಲ್ಲದ ಯಂತ್ರವನ್ನು ಇದೆಯೆಂಬಂತೆ ನಡೆಸುವ ತಂತ್ರಾಂಶ. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಎಮು ಅಂಥದೊಂದು. ಯಾವ ಡಿಸ್ಕಿನಿಂದ ಮೊದಲು ಚಾಲೂ ಆಗಬೇಕೆಂದು ಅದು ಒಳಗಿನ ಫರ್ಮ್‌ವೇರಿಗೆ ತಿಳಿಸಬೇಕು. ಅದಕ್ಕೊಂದು ವಿಳಾಸ ಕಟ್ಟುತ್ತದೆ. ಡಿಸ್ಕಿಗೆ ಗೊತ್ತಿರುವುದು ತನ್ನ ಯಜಮಾನನ ಬಳಿ ತಾನು ಎಷ್ಟನೆಯವನೆಂಬುದಷ್ಟೇ. ಉಳಿದದ್ದನ್ನು ಮೇಲಿನವರನ್ನು, ಅವರ ಮೇಲಿನವರನ್ನು ಕೇಳಿ ಬೇರಿನವರೆಗೆ ಹೋಗಿ ಜೋಡಿಸಬೇಕು. ನಾವು ಮನೆಯಿಂದ ಜಿಲ್ಲೆಗೆ ಬರೆದರೆ, ಅದು ಜಿಲ್ಲೆಯಿಂದ ಮನೆಗೆ ಬರೆಯುತ್ತದೆ, ಅಷ್ಟೇ ವ್ಯತ್ಯಾಸ.

ಇತ್ತ ಫರ್ಮ್‌ವೇರ್ ತಾನೂ ಯಂತ್ರವನ್ನೆಲ್ಲ ತಡಕಿ, ಕಂಡ ಪ್ರತಿ ಸಾಧನಕ್ಕೂ ಅದೇ ರೀತಿಯಲ್ಲಿ ವಿಳಾಸ ಕಟ್ಟುತ್ತದೆ. ಎರಡೂ ತಾಳೆಯಾದರೆ ಡಿಸ್ಕಿಗೆ ಹೇಳಿದ ಸರದಿ ಸಿಗುತ್ತದೆ. ಆಗದಿದ್ದರೆ? ಸೀಬಯಾಸ್ ಎಂಬ ಫರ್ಮ್‌ವೇರ್ ಸಾಮಾನ್ಯವಾಗಿ ಆ ಡಿಸ್ಕನ್ನು ಇಲ್ಲವೆನ್ನುವುದಿಲ್ಲ; ವಾಡಿಕೆಯ ಸರದಿಯಲ್ಲಿ ನಿಲ್ಲಿಸುತ್ತದೆ.

ಈ ಮಾತು ನನ್ನನ್ನು ತಟ್ಟಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದ ಬರುತ್ತಿದ್ದ ಹುಡುಗಿಯೊಬ್ಬಳ ಅರ್ಜಿ, ಮನೆ ನಂಬರು ಬರೆದಿಲ್ಲವೆಂದು ಒಂದು ಕಚೇರಿಯಿಂದ ಹಿಂದಕ್ಕೆ ಬಂತು. ಅವರ ಪೋಡಿನ ಮನೆಗಳಿಗೆ ನಂಬರೇ ಇರಲಿಲ್ಲ. ಆ ವರ್ಷ ವಿದ್ಯಾರ್ಥಿವೇತನ ಅವಳ ಕೈಗೆ ಬರಲಿಲ್ಲ.

ನಂಬರಿಲ್ಲದೆ ಯಾರ ಅರ್ಜಿಯೆಂದು ತಿಳಿಯುವುದು ಹೇಗೆ, ಸುಳ್ಳುಗಾರರು ನುಗ್ಗುವುದಿಲ್ಲವೇ ಎನ್ನುವಿರಿ. ನಿಜ, ತಾಳೆ ನೋಡಲೇಬೇಕು. ಆದರೆ ತಾಳೆ ನೋಡುವುದೆಂದರೆ ಎರಡೂ ಕಡೆಯವರು ಲೆಕ್ಕ ಹಾಕುವುದು. ಕಚೇರಿ ತನ್ನ ಪಾಲಿನ ಲೆಕ್ಕವನ್ನೇ ಹಾಕದೆ, ತಪ್ಪನ್ನು ಹುಡುಗಿಯ ಕಡೆಗೆ ಬರೆದರೆ ಅದು ಪರಿಶೀಲನೆಯಲ್ಲ. ಮಾರಮ್ಮನ ಗುಡಿ ಹಿಂದಿನ ಮನೆ ಎಂದಷ್ಟೇ ಬರೆದ ಕಾಗದವನ್ನೂ ನಮ್ಮ ಅಂಚೆಯಣ್ಣಂದಿರು ಮುಟ್ಟಿಸಿದ್ದಾರೆ; ಹುಡುಕುವ ಹೊಣೆ ತಮ್ಮದೆಂದು ಅವರಿಗೆ ಗೊತ್ತಿತ್ತು.

ಸಂಬಂಧದಲ್ಲಿ ಯಾರಿಗೆ ಕಣ್ಣೂ ಕಾಲೂ ಹೆಚ್ಚೋ ಹೊಣೆಯೂ ಅವರಿಗೇ ಹೆಚ್ಚು. ವಿಳಾಸ ಸರಿಯಿಲ್ಲದವಳು ಇಲ್ಲದವಳಲ್ಲ.