ಗುರುದಕ್ಷಿಣೆಯ ಪರಿಮಾಣ: ಕಾಲೇಜು ಫುಟ್‌ಬಾಲ್ ವಿಷಯಕ ಮೀಮಾಂಸೆ

ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಫುಟ್‌ಬಾಲ್ ತಂಡಗಳ ಪ್ರಧಾನ ತರಬೇತುದಾರರಿಗೆ ಕೊಡುವ ಧನ ಇಲ್ಲಿ ವಿಷಯ. ಆ ಧನವು ಪ್ರಭೂತವಾಗಿರುವುದು ಯುಕ್ತವೋ ಅಯುಕ್ತವೋ ಎಂಬುದು ಸಂಶಯ. ಪ್ರಭೂತ ವ್ಯಯದಿಂದಲೇ ವಿರುದ್ಧ ಫಲಗಳು ಕಂಡಿರುವುದೇ ಸಂಶಯಕ್ಕೆ ಬೀಜ. ಅಲಬಾಮಾ ವಿಶ್ವವಿದ್ಯಾಲಯ 2007ರ ಜನವರಿಯಲ್ಲಿ ನಿಕ್ ಸೇಬನ್ ಅವರನ್ನು ಎಂಟು ವರ್ಷಕ್ಕೆ 3.2 ಕೋಟಿ ಡಾಲರಿನ ಒಪ್ಪಂದದಿಂದ ಕರೆತಂದಿತು. ಅವರ ಹದಿನೇಳು ಋತುಗಳಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿಗಳನ್ನು ಪಡೆಯಿತು. ಟೆಕ್ಸಸ್ ಎ ಅಂಡ್ ಎಂ 2017ರ ಡಿಸೆಂಬರಿನಲ್ಲಿ ಜಿಂಬೋ ಫಿಷರ್ ಅವರನ್ನು ಹತ್ತು ವರ್ಷಕ್ಕೆ 7.5 ಕೋಟಿ ಡಾಲರಿಗೆ ಕರೆತಂದಿತು. 2021ರಲ್ಲಿ ಒಪ್ಪಂದವನ್ನು ಇನ್ನಷ್ಟು ಹಿಗ್ಗಿಸಿತು. 2023ರ ನವೆಂಬರಿನಲ್ಲಿ ಅವರನ್ನು ಕಳುಹಿಸಲು 7.6 ಕೋಟಿ ಡಾಲರಿಗೂ ಹೆಚ್ಚಿನ ಋಣವನ್ನು ಹೊತ್ತಿತು. ಕರೆತರಲು ಒಪ್ಪಿದ ಮೊತ್ತಕ್ಕಿಂತ ಕಳುಹಿಸಲು ಒಪ್ಪಿದ ಮೊತ್ತ ಹಿರಿದಾಯಿತು. ಬಂದಾಗ ಫಿಷರ್ ಅಜ್ಞಾತರೇನೂ ಆಗಿರಲಿಲ್ಲ. 2013ರ ಋತುವಿನಲ್ಲಿ ಫ್ಲಾರಿಡಾ ಸ್ಟೇಟ್‌ಗೆ ರಾಷ್ಟ್ರೀಯ ಪ್ರಶಸ್ತಿ ತಂದವರು ಅವರೇ.

ಮೊದಲು ಪದನಿರ್ಣಯ. ಫುಟ್‌ಬಾಲ್ ಎಂಬ ಶಬ್ದಕ್ಕೆ ಇಲ್ಲಿ ಅಂಡಾಕೃತಿಯ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಕ್ರೀಡೆಯೇ ವಾಚ್ಯ. ಪಾದಕ್ಕೆ ಅದರಲ್ಲಿ ಅಲ್ಪಾಧಿಕಾರವಾದರೂ ರೂಢಿಯು ಯೋಗಾರ್ಥಕ್ಕಿಂತ ಬಲೀಯಸಿಯಾದ್ದರಿಂದ ವಿವಾದ ಬೇಡ. ಕಾಲೇಜು ಎಂಬ ಪದದಿಂದ ಆ ಕ್ರೀಡೆಯ ಅತ್ಯುಚ್ಚ ವಿಭಾಗದಲ್ಲಿ ಆಡುವ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಮಾತ್ರ ಗ್ರಾಹ್ಯ. ಕೆಳಗಿನ ವಿಭಾಗಗಳಲ್ಲಿ ಈ ಪ್ರಮಾಣದ ಧನವಿಲ್ಲದ್ದರಿಂದ ಸಂಶಯವೂ ಇಲ್ಲ.

ಕಷ್ಟವಿರುವುದು ‘ಶ್ರೇಷ್ಠ ತರಬೇತುದಾರ’ ಎಂಬುದರ ಲಕ್ಷಣದಲ್ಲಿ. ‘ಅಧಿಕ ವೇತನ ಪಡೆಯುವವನು ಶ್ರೇಷ್ಠ’ ಎಂದರೆ ಅನ್ಯೋನ್ಯಾಶ್ರಯ ದೋಷ: ಶ್ರೇಷ್ಠನಾದ್ದರಿಂದ ವೇತನ, ವೇತನವಿರುವುದರಿಂದ ಶ್ರೇಷ್ಠ. ಹಾಸ್ಯಾಸ್ಪದವೆನಿಸಿದರೂ ನೇಮಕ ಸಮಿತಿಗಳಲ್ಲಿ ಈ ಲಕ್ಷಣಕ್ಕೆ ಮನ್ನಣೆ ಕಡಿಮೆಯಿಲ್ಲ. ‘ಬಹಳ ಪಂದ್ಯ ಗೆದ್ದವನು ಶ್ರೇಷ್ಠ’ ಎಂದರೆ ಅತಿವ್ಯಾಪ್ತಿ; ಹಿಂದಿನವನು ಕೂಡಿಸಿಟ್ಟ ಆಟಗಾರರಿಂದ ಎರಡು ಋತು ಗೆದ್ದವನಿಗೂ ಲಕ್ಷಣ ಅನ್ವಯಿಸುತ್ತದೆ. ‘ಎರಡು ಬೇರೆ ಸ್ಥಾನಗಳಲ್ಲಿ ಗೆದ್ದವನು’ ಎಂದರೆ ಒಂದೇ ಸ್ಥಾನದಲ್ಲಿ ಜೀವಮಾನ ಕಳೆದವನಿಗೆ ಅವ್ಯಾಪ್ತಿ. ಆದ್ದರಿಂದ ಲಕ್ಷಣ ಹೀಗೆ: ಯಾವನ ಸನ್ನಿಧಿಯಲ್ಲಿ, ಇತರ ಸಾಧನಗಳು ಬಹುಮಟ್ಟಿಗೆ ಹಾಗೆಯೇ ಉಳಿದಿರುವಾಗ, ಜಯವು ವೃದ್ಧಿಸುತ್ತದೆಯೋ, ಯಾವನ ಅಭಾವದಲ್ಲಿ ಕ್ಷೀಣಿಸುತ್ತದೆಯೋ, ಅವನು ಶ್ರೇಷ್ಠ. ಅನ್ವಯ, ವ್ಯತಿರೇಕ ಎರಡೂ ಸೇರಿದಾಗಲೇ ಲಕ್ಷಣ ಪೂರ್ಣ.

ಈ ಲಕ್ಷಣಕ್ಕೆ ಬಿಲ್ ಸ್ನೈಡರ್ ಅವರಿಗಿಂತ ಉತ್ತಮ ಲಕ್ಷ್ಯ ಸಿಗುವುದು ದುರ್ಲಭ. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1980ರ ದಶಕದ ಅಂತ್ಯಕ್ಕೆ ದೇಶದ ಅತ್ಯಂತ ಪರಾಜಿತ ತಂಡಗಳಲ್ಲೊಂದೆಂದು ಕುಖ್ಯಾತವಾಗಿತ್ತು. 1989ರಿಂದ ಸ್ನೈಡರ್ ಅಲ್ಲಿದ್ದರು, ತಂಡ ಮೇಲೇರಿತು. 2005ರ ಕೊನೆಗೆ ನಿವೃತ್ತರಾದರು. ನಂತರದ ಮೂರು ಋತುಗಳಲ್ಲಿ 17 ಜಯ, 20 ಅಪಜಯ. 2009ರಲ್ಲಿ ಅವರನ್ನೇ ಮರಳಿ ಕರೆಯಲಾಯಿತು. 2012ರಲ್ಲಿ ತಂಡ ತನ್ನ ಸಮ್ಮೇಳನದ, ಎಂದರೆ ಪ್ರಾದೇಶಿಕ ಕೂಟದ, ಪ್ರಶಸ್ತಿಯನ್ನು ಹಂಚಿಕೊಂಡಿತು. ಊರು ಅದೇ, ಕ್ರೀಡಾಂಗಣ ಅದೇ. ವ್ಯಕ್ತಿ ಮಾತ್ರ ಬಂದು, ಹೋಗಿ, ಮತ್ತೆ ಬಂದದ್ದು. ಪ್ರಯೋಗಶಾಲೆಯಲ್ಲಿ ಕೂಡ ಇಷ್ಟು ಶುದ್ಧವಾಗಿ ಅನ್ವಯ-ವ್ಯತಿರೇಕಗಳು ಒದಗುವುದು ಅಪರೂಪ. ಗಮನಿಸಬೇಕಾದದ್ದು ಮತ್ತೊಂದು: ಮೊದಲ ಸಲ ಬಂದಾಗ ಸ್ನೈಡರ್ ಅಯೋವಾ ತಂಡದ ಸಹಾಯಕ ತರಬೇತುದಾರರಾಗಿದ್ದವರು, ಪ್ರಧಾನ ತರಬೇತುದಾರರಾಗಿ ಅವರಿಗೆ ಯಾವ ಕಾಲೇಜು ತಂಡದಲ್ಲೂ ಪೂರ್ವಖ್ಯಾತಿ ಇರಲಿಲ್ಲ. ಶ್ರೇಷ್ಠತೆಯು ಬೆಲೆಗಿಂತ ಮೊದಲೇ ಇತ್ತು.

ಇನ್ನು ವ್ಯಯದ ವಿಭಾಗ. ವೇತನ, ಪ್ರೋತ್ಸಾಹಧನ, ಸಹಾಯಕರ ವೇತನರಾಶಿ, ನಿರ್ಗಮನಧನ ಎಂದು ಅದು ನಾಲ್ಕು ವಿಧ. ಮೊದಲ ಮೂರು ಕಾರ್ಯಕಾಲದಲ್ಲಿ ಸಲ್ಲುವಂಥವು. ಅವುಗಳಿಗೆ ಪ್ರತಿಯಾಗಿ ಏನೋ ಒಂದು ಕರ್ಮ ನಡೆದಿರುತ್ತದೆ. ನಾಲ್ಕನೆಯದು, ಲೋಕದಲ್ಲಿ ‘ಬೈಔಟ್’ ಎಂದು ಪ್ರಸಿದ್ಧವಾದದ್ದು, ವಿಲಕ್ಷಣ: ಒಪ್ಪಂದದ ಅವಧಿ ಮುಗಿಯುವ ಮುನ್ನ ಅಪರಾಧವಿಲ್ಲದೆ ವಜಾ ಮಾಡಿದಾಗ ಉಳಿದ ವರ್ಷಗಳಿಗಾಗಿ ಕೊಡುವ ಧನ ಅದು. ಕರ್ಮವಿಲ್ಲದ ಫಲ ಎನ್ನಬಹುದು. ಅದರಲ್ಲಿಯೂ ಎರಡು ಅವಾಂತರ ಭೇದಗಳಿವೆ: ತರಬೇತುದಾರನು ಬೇರೆಡೆ ಉದ್ಯೋಗ ಪಡೆದರೆ ಆ ವೇತನದಷ್ಟು ಕಡಿತವಾಗುವುದು ಸಾಪೇಕ್ಷ, ಏನೇ ಆದರೂ ಕಡಿತವಿಲ್ಲದ್ದು ನಿರಪೇಕ್ಷ. ಫಿಷರ್ ಅವರದು ನಿರಪೇಕ್ಷ. ಪೆನ್ ಸ್ಟೇಟ್ 2025ರ ಅಕ್ಟೋಬರಿನಲ್ಲಿ ವಜಾ ಮಾಡಿದ ಜೇಮ್ಸ್ ಫ್ರಾಂಕ್ಲಿನ್ ಅವರದು ಸಾಪೇಕ್ಷ, ಸುಮಾರು 4.9 ಕೋಟಿ ಡಾಲರಿನ ಋಣ ಅವರು ವರ್ಜೀನಿಯಾ ಟೆಕ್ ಸೇರಿದಾಗ ಸುಮಾರು 90 ಲಕ್ಷಕ್ಕೆ ಇಳಿಯಿತು. ಈ ಭೇದವನ್ನು ನೆನಪಿನಲ್ಲಿಡಬೇಕು. ಸಿದ್ಧಾಂತ ಇದರ ಮೇಲೆಯೇ ನಿಲ್ಲುತ್ತದೆ.

ಈಗ ಪೂರ್ವಪಕ್ಷ. ಪ್ರಭೂತವ್ಯಯವು ವ್ಯಯವೇ ಆಗದು, ಅದು ಬೀಜನಿಕ್ಷೇಪ ಎನ್ನುತ್ತಾರೆ. ಜಯದಿಂದ ಕೀರ್ತಿ, ಕೀರ್ತಿಯಿಂದ ವಿದ್ಯಾರ್ಥಿಗಳು, ವಿದ್ಯಾರ್ಥಿಗಳಿಂದ ಶುಲ್ಕ. ದೃಷ್ಟಾಂತ ಅಲಬಾಮಾ: ಸೇಬನ್ ಬಂದಾಗ ಸುಮಾರು 25,000 ಇದ್ದ ವಿದ್ಯಾರ್ಥಿಸಂಖ್ಯೆ ದಶಕದೊಳಗೆ ಸುಮಾರು 38,000ಕ್ಕೆ ಏರಿತು. ಇನ್ನೊಂದು ದೃಷ್ಟಾಂತ ಬಾಸ್ಟನ್ ಕಾಲೇಜು: 1984ರ ನವೆಂಬರಿನಲ್ಲಿ ಡಗ್ ಫ್ಲೂಟಿ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಮಯಾಮಿಯನ್ನು 47–45ರಲ್ಲಿ ಸೋಲಿಸಿತು, ಬಳಿಕ ಪ್ರವೇಶಾರ್ಜಿಗಳು ಹೆಚ್ಚಿದವು, ಅದಕ್ಕೆ ‘ಫ್ಲೂಟಿ ಪರಿಣಾಮ’ ಎಂಬ ಹೆಸರೇ ನಿಂತಿತು.

ಇದು ಸಲ್ಲದು. ಅಲಬಾಮಾದ ಹೇತುವು ಸೋಪಾಧಿಕ. ಅಲ್ಲಿ 2003ರಲ್ಲಿ ಅಧ್ಯಕ್ಷರಾದ ರಾಬರ್ಟ್ ವಿಟ್ ವಿದ್ಯಾರ್ಥಿಸಂಖ್ಯೆಯ ವೃದ್ಧಿಯನ್ನು ಸೇಬನ್ ಬರುವ ಮೊದಲೇ ಸಂಕಲ್ಪಿಸಿದ್ದರು. ಅನ್ಯರಾಜ್ಯದ ವಿದ್ಯಾರ್ಥಿಗಳನ್ನು ವಿದ್ಯಾರ್ಥಿವೇತನದಿಂದ ಆಕರ್ಷಿಸುವ ಪ್ರಯತ್ನವೂ ಜೊತೆಗೇ ನಡೆದಿತ್ತು. ಸಹಕಾರಿ ಕಾರಣವನ್ನು ಏಕೈಕ ಕಾರಣವೆನ್ನುವುದು ಹೇತ್ವಾಭಾಸ. ಸೇಬನ್‌ರಿಂದ ಏನೂ ಆಗಲಿಲ್ಲ ಎಂದು ಇದರ ಅರ್ಥವಲ್ಲ. ಆದದ್ದರಲ್ಲಿ ಎಷ್ಟು ಭಾಗ ಅವರದು ಎಂಬುದು ಅನಿಶ್ಚಿತ ಎಂದಷ್ಟೇ. ಇನ್ನು ಫ್ಲೂಟಿ ಪರಿಣಾಮ. ಡೆವಿನ್ ಪೋಪ್, ಜ್ಯಾರೆನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರೀಡಾಜಯದಿಂದ ಅರ್ಜಿಗಳು ನೂರಕ್ಕೆ 2ರಿಂದ 8ರಷ್ಟು ಹೆಚ್ಚುವುದನ್ನು ಕಂಡರು. ಪರಿಣಾಮ ಇದೆ, ಆದರೆ ಮಿತ. ಅದಕ್ಕಿಂತ ಮುಖ್ಯವಾದ ಮಾತು: ಆ ಪರಿಣಾಮಕ್ಕೆ ಕಾರಣವಾದದ್ದು ಜಯ. ವ್ಯಯಕ್ಕೂ ಜಯಕ್ಕೂ ವ್ಯಾಪ್ತಿ ಸಿದ್ಧವಾದರೆ ತಾನೇ ವ್ಯಯಕ್ಕೂ ಪ್ರವೇಶಾರ್ಜಿಗೂ ಸಂಬಂಧ? ಫಿಷರ್ ಪ್ರಕರಣದಲ್ಲಿ ವ್ಯಯವಿತ್ತು, ತಕ್ಕ ಜಯವಿರಲಿಲ್ಲ, ಹೇತು ಸವ್ಯಭಿಚಾರ.

ಹೊಸ ಗುರುವನ್ನು ತರುವುದರಿಂದ ತಂಡ ಸುಧಾರಿಸುತ್ತದೆ ಎಂಬ ನಂಬಿಕೆಯ ಗತಿಯೂ ಇದೇ. ಆಡ್ಲರ್, ಬೆರ್ರಿ, ಡೋಹರ್ಟಿ ಎಂಬ ರಾಜ್ಯಶಾಸ್ತ್ರಜ್ಞರು 1997ರಿಂದ 2010ರವರೆಗಿನ ಋತುಗಳನ್ನು ತುಲನೆ ಮಾಡಿದರು. ತೀರ ದುರ್ಬಲ ತಂಡಗಳಲ್ಲಿ ತರಬೇತುದಾರನನ್ನು ಬದಲಿಸಿದ್ದರಿಂದ ಗಣನೀಯ ಪ್ರಯೋಜನ ಕಾಣಲಿಲ್ಲ. ಮಧ್ಯಮ ತಂಡಗಳು ಬದಲಿಸದ ಸಮಾನ ತಂಡಗಳಿಗಿಂತ ಹಿಂದೆಯೇ ಬಿದ್ದವು. ದುರ್ಬಲ ತಂಡ ಮರುವರ್ಷ ಸ್ವಲ್ಪ ಮೇಲೇಳುವುದು ಸ್ವಭಾವ. ಆ ಹೊತ್ತಿಗೆ ಬಂದು ನಿಂತ ಹೊಸಬನಿಗೆ ಯಶಸ್ಸು ಸಲ್ಲುವುದು ಕಾಕತಾಲೀಯ.

ಎರಡನೆಯ ಪೂರ್ವಪಕ್ಷಿ ವಿಪಣಿವಾದಿ. ಕೊಳ್ಳುವವರು ಕೊಡಲೊಪ್ಪಿದ ಬೆಲೆಯೇ ನ್ಯಾಯದ ಬೆಲೆ ಎಂಬುದು ಅವನ ಮತ. ಇದಕ್ಕೆ ಉತ್ತರ ಬೆಲೆಯ ಉತ್ಪತ್ತಿಯಲ್ಲಿದೆ. ದೂರದರ್ಶನದಲ್ಲಿ ಪಂದ್ಯಪ್ರಸಾರದ ಹಕ್ಕು ಮೊದಲು ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವಾದ ಎನ್‌ಸಿಎಎಯ ಅಧೀನದಲ್ಲಿತ್ತು. ಓಕ್ಲಹೋಮಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ಆ ಏಕಸ್ವಾಮ್ಯವನ್ನು ಮುರಿಯಿತು. ಧನಪ್ರವಾಹ ಬಂತು. ಆದರೆ ಆಟ ಆಡುವವರಿಗೆ ವೇತನ ನಿಷಿದ್ಧವಾಗಿತ್ತು. ಲಾಭಾಂಶ ಒಯ್ಯಲು ಷೇರುದಾರರಿಲ್ಲ. ಎರಡು ಕಾಲುವೆಗಳೂ ಮುಚ್ಚಿದ್ದಾಗ ನೀರು ಮೂರನೆಯದಕ್ಕೆ ನುಗ್ಗಿತು: ತರಬೇತುದಾರರ ಕಡೆಗೆ, ಜೊತೆಗೆ ಕ್ರೀಡಾಂಗಣ ಕಟ್ಟುವವರ ಕಡೆಗೆ. ತರಬೇತುದಾರನ ಬೆಲೆಯಲ್ಲಿ ಆಟಗಾರನಿಗೆ ಸಲ್ಲದೆ ಉಳಿದ ಭಾಗವೂ ಬೆರೆತಿತ್ತು. ಅಂಥ ಬೆಲೆಯನ್ನು ಶುದ್ಧ ವಿಪಣಿಮೌಲ್ಯವೆನ್ನುವುದು ಅಣೆಕಟ್ಟಿನ ಮಟ್ಟವನ್ನು ಮಳೆಯ ಪ್ರಮಾಣವೆಂದು ಓದಿದಂತೆ.

ಇಲ್ಲಿ ಒಂದು ಉಪಾಧಿಭೇದ ಉಂಟಾಗಿದೆ. ಅದನ್ನು ಅಲಕ್ಷಿಸಿದವರೇ ಹೆಚ್ಚು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು-ಚಿತ್ರಗಳಿಂದ ಸಂಪಾದಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅಂಗೀಕರಿಸಿದ, ‘ಹೌಸ್ ವಿರುದ್ಧ ಎನ್‌ಸಿಎಎ’ ವ್ಯಾಜ್ಯದ ರಾಜಿಯಿಂದ ಪ್ರತಿ ವಿಶ್ವವಿದ್ಯಾಲಯವೂ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರಿನವರೆಗೆ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದಾಯಿತು. ವೇತನ ನಿಷಿದ್ಧವಾಗಿದ್ದ ಯುಗದಲ್ಲಿ ಹದಿನೇಳರ ಹುಡುಗನ ಮನೆಯ ಪಡಸಾಲೆಯಲ್ಲಿ ಕುಳಿತು ಅವನ ತಾಯಿಯನ್ನು ಒಪ್ಪಿಸುವ ತರಬೇತುದಾರನ ವಾಕ್ಪಟುತ್ವವೇ ಬಹುದೊಡ್ಡ ಬಂಡವಾಳವಾಗಿತ್ತು. ಈಗ ಅದೇ ಪಡಸಾಲೆಗೆ ಲಿಖಿತ ಮೊತ್ತವೂ ಬರುತ್ತದೆ. ಹೀಗಾಗಿ ಸೇಬನ್ ದೃಷ್ಟಾಂತ ನಿಜವಾದರೂ ಹಳೆಯ ಉಪಾಧಿಗೆ ಬದ್ಧ. ಹೊಸ ಕಾಲಕ್ಕೆ ಅದನ್ನು ಅತಿದೇಶ ಮಾಡಲು ಬರುವುದಿಲ್ಲ.

ಮತ್ತೂ ಒಂದು ದೋಷ. 1996ರಿಂದ ಈ ಕ್ರೀಡೆಯಲ್ಲಿ ಸಮಬಲಾಂತ್ಯವೇ ಇಲ್ಲ. ಪ್ರತಿ ಪಂದ್ಯದಲ್ಲಿ ಒಂದು ಜಯ, ಒಂದು ಅಪಜಯ. ಎಲ್ಲರೂ ವ್ಯಯವನ್ನು ದ್ವಿಗುಣಗೊಳಿಸಿದರೂ ಜಯಗಳ ಒಟ್ಟು ಸಂಖ್ಯೆ ಬದಲಾಗದು. ಆಟದ ಗುಣ ಹೆಚ್ಚುವುದಿಲ್ಲವೇ ಎಂದು ಕೇಳಿದರೆ, ಹೆಚ್ಚಬಹುದು. ಆದರೆ ನೋಡುವವರು ಕೂಡುವುದು ತಮ್ಮವರು ನೆರೆಯವರನ್ನು ಸೋಲಿಸುವುದನ್ನು ಕಾಣಲು, ಆ ರಸ ಅಗ್ಗದ ಗುರುವಿನ ಕೆಳಗೂ ಕೆಡುವುದಿಲ್ಲ.

ಹಾಗಾದರೆ ಎಲ್ಲರೂ ಕೂಡಿ ವೇತನಕ್ಕೆ ಪರಿಮಿತಿ ಹಾಕಲಿ ಎಂದು ಮೂರನೆಯವನು. ಇದು ಬಾಧಿತ. ಎನ್‌ಸಿಎಎ 1990ರ ದಶಕದಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲಾದ ಕ್ರೀಡೆಗಳ ಒಂದು ವರ್ಗದ ಕಿರಿಯ ತರಬೇತುದಾರರಿಗೆ ವರ್ಷಕ್ಕೆ 16,000 ಡಾಲರಿನ ಮಿತಿ ಹಾಕಿತ್ತು. ‘ಲಾ ವಿರುದ್ಧ ಎನ್‌ಸಿಎಎ’ ಪ್ರಕರಣದಲ್ಲಿ ಹತ್ತನೆಯ ವೃತ್ತದ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಅದು ಸ್ಪರ್ಧಾವಿರೋಧಿ ಒಪ್ಪಂದ ಎಂದು ತೀರ್ಮಾನಿಸಿತು. ಸಂಘ 5 ಕೋಟಿ ಡಾಲರಿಗೂ ಹೆಚ್ಚು ತೆತ್ತು ರಾಜಿಯಾಯಿತು. ಕಿರಿಯರ ಮಿತಿಯೇ ನಿಲ್ಲದಿದ್ದಾಗ ಹಿರಿಯರ ಮಿತಿ ನಿಲ್ಲದೆಂಬುದು ಕೈಮುತಿಕ ನ್ಯಾಯಸಿದ್ಧ. ಕಾಂಗ್ರೆಸ್ ಶಾಸನದಿಂದ ವಿನಾಯಿತಿ ಕೊಟ್ಟರೆ ಬೇರೆ ಮಾತು.

ಕ್ರೀಡೆಯನ್ನೇ ತ್ಯಜಿಸಲಿ ಎಂಬ ನಿವೃತ್ತಿಮಾರ್ಗವೂ ಉಂಟು. ರಾಬರ್ಟ್ ಮೇನಾರ್ಡ್ ಹಚಿನ್ಸ್ ಅಧ್ಯಕ್ಷರಾಗಿದ್ದಾಗ ಶಿಕಾಗೋ ವಿಶ್ವವಿದ್ಯಾಲಯ 1939ರಲ್ಲಿ ಹಾಗೆ ಮಾಡಿತು. ಸಂನ್ಯಾಸ ಗೃಹಸ್ಥನ ಲೆಕ್ಕಪತ್ರಕ್ಕೆ ಉತ್ತರವಾಗದು. ಪ್ರಕರಣಾಂತರವಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಸಿದ್ಧಾಂತ: ಪ್ರಭೂತವೇತನಕ್ಕೆ ಅಧಿಕಾರ ಮೂರು ನಿಯಮಗಳಿಗೆ ಅಧೀನ. ಧನವು ಆಟದಿಂದಲೇ ಬಂದಿರಬೇಕು, ಆಟ ನೋಡದ ವಿದ್ಯಾರ್ಥಿಯ ಶುಲ್ಕದಿಂದ ಬಂದಿರಬಾರದು. ಶ್ರೇಷ್ಠತೆ ಅನ್ವಯ-ವ್ಯತಿರೇಕಗಳಿಂದ ಸಿದ್ಧವಾಗಿರಬೇಕು. ಒಂದು ಋತುವಿನ ಬೆಳಕು ಸಾಲದು. ನಿರ್ಗಮನಧನ ಸಾಪೇಕ್ಷವಾಗಿರಬೇಕು. ಮೂರರಲ್ಲಿ ಕೊನೆಯದೇ ಬಲಿಷ್ಠ. ವೇತನ ಹೆಚ್ಚಾದರೆ ತಪ್ಪು ಒಂದು ವರ್ಷದ್ದು. ನಿರಪೇಕ್ಷ ನಿರ್ಗಮನಧನವಾದರೆ ತಪ್ಪು ಮಾಡಿದವರೆಲ್ಲ ಹೊರಟುಹೋದ ಮೇಲೂ ಋಣ ಉಳಿಯುತ್ತದೆ. ಫಿಷರ್ ಅವರಿಗೆ ಕೊಡಬೇಕಾದ ಕಂತುಗಳು 2031ರವರೆಗೆ ಚಾಚಿವೆ.

ಶಂಕೆ: ಶ್ರೇಷ್ಠನು ಸಾಪೇಕ್ಷ ಒಪ್ಪಂದಕ್ಕೆ ಒಪ್ಪುವನೇ? ಪಕ್ಕದವರು ನಿರಪೇಕ್ಷವನ್ನೇ ಕೊಡುವಾಗ? ಸಮಾಧಾನ: ಫ್ರಾಂಕ್ಲಿನ್ ಒಪ್ಪಿದ್ದರು. ಪೈಪೋಟಿಯ ಹರಾಜಿನಲ್ಲಿ ವಸ್ತುವಿನ ಮೌಲ್ಯವನ್ನು ಅತಿಯಾಗಿ ಊಹಿಸಿದವನೇ ಗೆಲ್ಲುತ್ತಾನೆ ಎಂಬುದನ್ನು ತೈಲಕ್ಷೇತ್ರಗಳ ಹರಾಜನ್ನು ಪರೀಕ್ಷಿಸಿದ ಅಭಿಯಂತರರು 1971ರಲ್ಲೇ ತೋರಿಸಿದ್ದರು. ನಿರಪೇಕ್ಷವಿಲ್ಲದೆ ಬರುವುದಿಲ್ಲ ಎನ್ನುವವನು ಪಕ್ಕದವರ ಪಾಲಾದರೆ ಹಾನಿ ಯಾರದು ಎಂಬುದು ಆಗಲೇ ನಿಶ್ಚಿತವಾಗಿರದು.

ಇನ್ನೊಂದು ಶಂಕೆ ಉಳಿದಿದೆ: ತರಬೇತುದಾರನೂ ಬೋಧಕನೇ ಆದ್ದರಿಂದ ಅವನ ಭದ್ರತೆ ಆಕ್ಷೇಪಾರ್ಹವಲ್ಲ ಎಂದು. ಬೋಧಕನಾದರೆ ಬೋಧಕರ ನಿಯಮವೆಲ್ಲ ಅವನಿಗೆ ಅನ್ವಯಿಸಬೇಕು, ಅನುಕೂಲವಾದದ್ದು ಮಾತ್ರ ಆಗದು. ಶಿಕಾಗೋ 1892ರಲ್ಲಿ ಏಮಸ್ ಅಲೊಂಜೋ ಸ್ಟ್ಯಾಗ್ ಅವರನ್ನು ಅಧ್ಯಾಪಕಪದವಿ ಕೊಟ್ಟೇ ಕರೆತಂದಿತ್ತು. ನಲವತ್ತೊಂದು ಋತುಗಳ ಬಳಿಕ, 1932ರಲ್ಲಿ, ಎಪ್ಪತ್ತು ತುಂಬಿದವರು ನಿವೃತ್ತರಾಗಬೇಕೆಂಬ ನಿಯಮವನ್ನು ಅವರಿಗೂ ಅನ್ವಯಿಸಲಾಯಿತು. ಇಷ್ಟವಿಲ್ಲದೆಯೇ ಅವರು ಹೊರಟರು. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಾಲೇಜು ಸೇರಿ ಮರುವರ್ಷದಿಂದ ಅಲ್ಲಿ ತಂಡ ಕಟ್ಟತೊಡಗಿದರು.